ರಕ್ತಗುಂಪಿನ ದಾರಿಯಿಂದ ಇಮ್ಯುನಾಲಜಿ: ನನ್ನ ಅನುಭವ

ವೈದ್ಯಕೀಯ ವಿದ್ಯಾರ್ಥಿಗಳು ಇಮ್ಯುನಾಲಜಿಗೆ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಅಧ್ಯಯನಕ್ಕೆ, ಹೆದರುವುದಕ್ಕೆ ಆ ವಿಷಯದ ಕಾಠಿಣ್ಯಕ್ಕಿಂತ ಅದನ್ನು ಶುರುಮಾಡುವ ಕ್ರಮವೇ ಹೆಚ್ಚು ಕಾರಣವೆಂದು ನನಗೆ ಅನ್ನಿಸುತ್ತದೆ. ಮೊದಲ ಪಾಠದಲ್ಲೇ ಬಿಳಿ ರಕ್ತಕಣಗಳ ವಂಶವೃಕ್ಷ, ಅದರ ಬೆನ್ನಿಗೇ ಕೋಶಗಳು ಪರಸ್ಪರ ಸಂದೇಶಕ್ಕೆ ಬಳಸುವ, ಅಂಕಿ ಅಂಟಿಸಿಕೊಂಡ ಇಂಟರ್‌ಲ್ಯೂಕಿನ್‌ಗಳ ಸಾಲು ಬಂದರೆ, ಎಂಥ ಜಾಣನಾದರೂ ಅರ್ಥಮಾಡಿಕೊಳ್ಳುವ ಪ್ರಯತ್ನ ಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತಾನೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಮುಂಬಯಿಗೆ ಬಂದು, ಇಲ್ಲಿಯೇ ರಕ್ತನಿಧಿಯ ಕೆಲಸದಲ್ಲಿ ನೆಲೆನಿಂತ ನಾನು, ಮಾಟುಂಗಾದ ಮನೆಯಲ್ಲಿ ಭಾನುವಾರಗಳಂದು ಕನ್ನಡದ ಕೆಲವು ವೈದ್ಯಕೀಯ ವಿದ್ಯಾರ್ಥಿಗಳಿಗೆ ಈ ಪಾಠ ಹೇಳುತ್ತ ಬಂದಿದ್ದೇನೆ. ಅವರಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಓದಲು ಬಂದವರೂ ಇದ್ದಾರೆ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರೂ ಇದ್ದಾರೆ. ನಾನು ಆಯ್ದುಕೊಂಡ ಕ್ರಮ ಒಂದೇ: ದಿನವೂ ನನ್ನ ಕೈಯಲ್ಲಿ ಆಡುವ ರಕ್ತಗುಂಪಿನ ಪರೀಕ್ಷೆಯಿಂದ ಹೊರಟು, ಅದು ಎಬ್ಬಿಸುವ ಪ್ರಶ್ನೆಗಳ ಬೆನ್ನುಹತ್ತಿ ಉಳಿದದ್ದನ್ನು ತಲುಪುವುದು.

ರಕ್ತಗುಂಪನ್ನು ಎರಡು ಕಡೆಯಿಂದ ನೋಡುತ್ತೇವೆ. ರೋಗಿಯ ಕೆಂಪು ಕಣಗಳಿಗೆ ಗೊತ್ತಿರುವ ಪ್ರತಿಕಾಯಗಳನ್ನು (ಒಂದು ನಿರ್ದಿಷ್ಟ ಗುರುತಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನುಗಳನ್ನು) ಬೆರೆಸುವುದು ಒಂದು. ರೋಗಿಯ ಸೀರಮ್‌ಗೆ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿದ್ರವಕ್ಕೆ, ಗೊತ್ತಿರುವ ಎ, ಬಿ ಮತ್ತು ಓ ಕಣಗಳನ್ನು ಬೆರೆಸುವುದು ಇನ್ನೊಂದು. ಬಿ ಗುಂಪಿನವನ ಸೀರಮ್‌ನಲ್ಲಿ ಎ ಕಣಗಳು ಗಂಟುಕಟ್ಟುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಎಲ್ಲರೂ ಕಂಡಿರುತ್ತಾರೆ, ಆದರೆ ನನ್ನ ಮೊದಲ ಪ್ರಶ್ನೆಗೆ ಬಹುತೇಕರು ತಡವರಿಸುತ್ತಾರೆ: ಜನ್ಮದಲ್ಲಿ ಒಮ್ಮೆಯೂ ಬೇರೊಬ್ಬರ ರಕ್ತ ಪಡೆಯದ ಈ ಮನುಷ್ಯನಲ್ಲಿ ಎ ವಿರುದ್ಧದ ಪ್ರತಿಕಾಯ ಬಂದದ್ದಾದರೂ ಎಲ್ಲಿಂದ? ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೆ ಕೆಂಪು ಕಣಗಳ ಮೇಲಿನ ಎ ಮತ್ತು ಬಿ ಗುರುತುಗಳನ್ನು ಹೋಲುವ ಸಕ್ಕರೆಗಳಿವೆ. ಪ್ರತಿಕಾಯಗಳು ಹುಟ್ಟುವುದು ಅವುಗಳ ಪ್ರಚೋದನೆಯಿಂದ. ನವಜಾತ ಶಿಶುವಿನಲ್ಲಿ ಸೀರಮ್ ಕಡೆಯ ಪರೀಕ್ಷೆಯನ್ನು ಏಕೆ ಮಾಡುವುದಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಮಗುವಿನ ಸ್ವಂತ ಪ್ರತಿಕಾಯಗಳು ಕಾಣತೊಡಗುವುದು ಮೂರರಿಂದ ಆರು ತಿಂಗಳ ಹೊತ್ತಿಗೆ. ಅದಕ್ಕೂ ಮುಂಚೆ ರಕ್ತದಲ್ಲಿರುವುದು ತಾಯಿ ಕೊಟ್ಟದ್ದು.

ಇಲ್ಲಿ ಐಜಿಎಂ ಮತ್ತು ಐಜಿಜಿ ಎಂಬ ಎರಡು ಬಗೆಯ ಪ್ರತಿಕಾಯಗಳನ್ನು ತರುತ್ತೇನೆ, ಏಕೆಂದರೆ ಈಗ ಅವುಗಳ ಅಗತ್ಯ ಬಿದ್ದಿದೆ. ಕೆಂಪು ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಐದು ಘಟಕಗಳು ಕೂಡಿ ಹತ್ತು ಹಿಡಿತಗಳುಳ್ಳ ಐಜಿಎಂ ಆ ಅಂತರವನ್ನು ದಾಟಿ ಎರಡು ಕಣಗಳನ್ನು ಹಿಡಿದಿಡಬಲ್ಲದು. ಎರಡೇ ಹಿಡಿತಗಳ ಚಿಕ್ಕ ಐಜಿಜಿಗೆ ಅದು ಸಾಮಾನ್ಯವಾಗಿ ಸಾಧ್ಯವಿಲ್ಲ. ಐಜಿಜಿ ಅಂಟಿದ ಕಣಗಳು ನಳಿಕೆಯಲ್ಲಿ ಏನೂ ಆಗದವರಂತೆ ಸುಮ್ಮನೆ ತೇಲುತ್ತಿರುತ್ತವೆ. 1945ರಲ್ಲಿ ಕೂಂಬ್ಸ್, ಮೌರಾಂಟ್ ಮತ್ತು ರೇಸ್ ವಿವರಿಸಿದ ಪರೀಕ್ಷೆ ಮಾಡುವುದು ಇಷ್ಟನ್ನೇ: ಮನುಷ್ಯನ ಪ್ರತಿಕಾಯದ ವಿರುದ್ಧವೇ ಇನ್ನೊಂದು ಪ್ರತಿಕಾಯವನ್ನು ಸೇರಿಸಿ, ಕಾಣದೆ ಕುಳಿತ ಐಜಿಜಿಗಳ ನಡುವೆ ಸೇತುವೆ ಕಟ್ಟುವುದು. ಕೂಂಬ್ಸ್ ಪರೀಕ್ಷೆಯನ್ನು ಉರುಹೊಡೆದವರಿಗೂ ಈ ಕಾರಣ ತಿಳಿದ ಮೇಲೆ ಅದನ್ನು ಮತ್ತೆ ಓದುವ ಪ್ರಸಂಗ ಬರುವುದಿಲ್ಲ.

ನಾನು ಹೆಚ್ಚು ಸಮಯ ಕೊಡುವುದು ಮುಂದಿನ ಹೆಜ್ಜೆಗೆ. ಎ ಮತ್ತು ಬಿ ಆಂಟಿಜೆನ್‌ಗಳು, ಅಂದರೆ ಪ್ರತಿಕಾಯ ಅಂಟುವ ಗುರುತುಗಳು, ಸಕ್ಕರೆಗಳು. ರಕ್ತಗುಂಪಿನ ಪಾಸಿಟಿವ್, ನೆಗೆಟಿವ್‌ಗಳನ್ನು ನಿರ್ಧರಿಸುವ ಆರ್‌ಎಚ್ ವ್ಯವಸ್ಥೆಯ ಡಿ ಒಂದು ಪ್ರೋಟೀನು. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕೋಶ ಗುರುತಿಸುವುದು ಪ್ರೋಟೀನಿನ ತುಣುಕನ್ನು, ಅದೂ ಇನ್ನೊಂದು ಕೋಶ ಅದನ್ನು ಎಂಎಚ್‌ಸಿ ಅಣುವಿನ ಮೇಲಿಟ್ಟು ತೋರಿಸಿದಾಗ. ಬರಿಯ ಸಕ್ಕರೆಗೆ ಈ ದಾರಿ ಮುಚ್ಚಿದೆ. ಹಾಗಾಗಿ ಸಕ್ಕರೆಯನ್ನು ಕಂಡ ಬಿ ಕೋಶ (ಪ್ರತಿಕಾಯ ತಯಾರಿಸುವ ಬಿಳಿ ಕಣ; ಬಿ ರಕ್ತಗುಂಪಿಗೂ ಇದಕ್ಕೂ ಸಂಬಂಧವಿಲ್ಲ) ಟಿ ಕೋಶದ ನೆರವಿಲ್ಲದೆ ತಾನೇ ಕೆಲಸಕ್ಕಿಳಿಯುತ್ತದೆ. ಬಹುಪಾಲು ಐಜಿಎಂ ತಯಾರಾಗುತ್ತದೆ, ನೆನಪು ಗಟ್ಟಿಯಾಗಿ ಉಳಿಯುವುದಿಲ್ಲ. ಪ್ರೋಟೀನು ಎದುರಾದಾಗ ಟಿ ಕೋಶ ನೆರವಿಗೆ ಬರುತ್ತದೆ, ಬಿ ಕೋಶ ಐಜಿಎಂನಿಂದ ಐಜಿಜಿಗೆ ಹೊರಳುತ್ತದೆ, ಸ್ಮೃತಿಕೋಶಗಳು ಉಳಿಯುತ್ತವೆ. ಡಿ ಇಲ್ಲದ ತಾಯಿಯ ಮೊದಲ ಮಗು ಸಾಮಾನ್ಯವಾಗಿ ಪಾರಾಗಿ ಮುಂದಿನ ಮಗು ತೊಂದರೆಗೆ ಸಿಕ್ಕುವುದು ಇದರಿಂದಲೇ: ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಹೆಚ್ಚಾಗಿ ಸೇರುವುದು ಹೆರಿಗೆಯ ಹೊತ್ತಿಗೆ, ನೆನಪು ಕೆಲಸಮಾಡುವುದು ಮುಂದಿನ ಬಸಿರಿನಲ್ಲಿ, ಗರ್ಭವೇಷ್ಟನವನ್ನು (ಪ್ಲಾಸೆಂಟಾ) ದಾಟಬಲ್ಲದ್ದು ಐಜಿಜಿ ಮಾತ್ರ. 28ನೆಯ ವಾರದಲ್ಲೊಮ್ಮೆ, ಮಗು ಡಿ ಉಳ್ಳದ್ದಾದರೆ ಹೆರಿಗೆಯಾದ 72 ಗಂಟೆಗಳೊಳಗೆ ಮತ್ತೊಮ್ಮೆ, ತಾಯಿಯಲ್ಲಿ ಆ ನೆನಪು ಮೂಡದಂತೆ ತಡೆಯಲು ಕೊಡುವ ಡಿ ವಿರೋಧಿ ಚುಚ್ಚುಮದ್ದಿನ ವೇಳಾಪಟ್ಟಿಯನ್ನು ಆಮೇಲೆ ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಈ ಎಳೆಯನ್ನೇ ಹಿಡಿದು ಲಸಿಕೆಗೂ ಹೋಗಬಹುದು. ಮಕ್ಕಳಲ್ಲಿ ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ತರುವ ಎಚ್‌ಐಬಿ ಬ್ಯಾಕ್ಟೀರಿಯಾದ ಹೊದಿಕೆ ಸಕ್ಕರೆಯದು. ಎರಡು ವರ್ಷದೊಳಗಿನ ಮಕ್ಕಳು ಬರಿಯ ಸಕ್ಕರೆಗೆ ಸರಿಯಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಅದಕ್ಕೆ ಒಂದು ಪ್ರೋಟೀನನ್ನು ಜೋಡಿಸಿ ಟಿ ಕೋಶದ ನೆರವನ್ನು ಗಳಿಸಲಾಗಿದೆ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದ ಪೆಂಟಾವೇಲೆಂಟ್ ಎಂಬ ಐದು ರೋಗಗಳ ವಿರುದ್ಧದ ಲಸಿಕೆಯಲ್ಲಿರುವುದು ಇಂಥ ಜೋಡಣೆಯೇ.

ಪ್ರತಿಕಾಯ ಅಂಟಿದ ಕಣಗಳನ್ನು ಒಡೆಯಬಲ್ಲ ರಕ್ತದ ಪ್ರೋಟೀನುಗಳ ಸರಣಿಯಾದ ಕಾಂಪ್ಲಿಮೆಂಟ್ ಬಗ್ಗೆ ನಾನು ಬೇಗ ಮುಗಿಸುತ್ತೇನೆ. ಕಣಕ್ಕಂಟಿದ ಒಂದೇ ಐಜಿಎಂ ಅಣು ಆ ಸರಣಿಯ ಮೊದಲ ಕೊಂಡಿಯಾದ ಸಿ1ಕ್ಯೂವನ್ನು ಎಬ್ಬಿಸಲು ಸಾಕು, ಐಜಿಜಿಯಾದರೆ ಅಕ್ಕಪಕ್ಕದಲ್ಲಿ ಕನಿಷ್ಠ ಎರಡಿರಬೇಕು. ಎಬಿಓ ತಪ್ಪಿದ ರಕ್ತ ಹೋದಾಗ ರಕ್ತನಾಳದಲ್ಲೇ ಕಣಗಳು ಒಡೆದು ಮೂತ್ರ ಕೆಂಪಾಗುವುದಕ್ಕೂ, ಡಿ ತಪ್ಪಿದಾಗ ಗುಲ್ಮದ (ಸ್ಪ್ಲೀನ್) ಮ್ಯಾಕ್ರೋಫೇಜ್‌ಗಳೆಂಬ ಭಕ್ಷಕ ಕೋಶಗಳು ಕಣಗಳನ್ನು ನಿಧಾನವಾಗಿ ನುಂಗುವುದಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯಲು ಇಷ್ಟು ಸಾಕು. ಉಳಿದ ಅಂಕಿಗಳನ್ನು ಪರೀಕ್ಷೆಯ ಹಿಂದಿನ ವಾರ ಓದಿಕೊಳ್ಳಲಿ.

ಕೊನೆಗಿಡುವ ಪಾಠ ನಮ್ಮ ಊರಿನದೇ. 1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇಲ್ಲಿಂದ ವರದಿ ಮಾಡಿದ ರಕ್ತಗುಂಪಿಗೆ ಬಾಂಬೆ ಎಂಬ ಹೆಸರೇ ನಿಂತಿದೆ. ಎ ಮತ್ತು ಬಿ ಸಕ್ಕರೆಗಳು ಕೂರುವುದು ಎಚ್ ಎಂಬ ತಳಹದಿಯ ಮೇಲೆ. ಓ ಗುಂಪಿನವರಲ್ಲಿ ಆ ತಳಹದಿ ಬರಿದಾಗಿ ಉಳಿದಿರುತ್ತದೆ. ಎಚ್ ಕಟ್ಟುವ ಎಫ್‌ಯುಟಿ1 ಜೀನ್ ತಂದೆತಾಯಿಗಳಿಬ್ಬರ ಕಡೆಯಿಂದಲೂ ಕೆಟ್ಟು ಬಂದರೆ ಕಣಗಳ ಮೇಲೆ ಎಚ್ ಇಲ್ಲ, ಆದ್ದರಿಂದ ಎ ಜೀನ್ ಇದ್ದರೂ ಎ ಇಲ್ಲ. ಅಂಥವರ ಕಣಗಳನ್ನಷ್ಟೇ ಪರೀಕ್ಷಿಸಿದರೆ ಓ ಎಂದು ಬರೆದು ಕಳಿಸುತ್ತೇವೆ. ಸೀರಮ್ ಕಡೆ ಓ ಕಣಗಳ ನಳಿಕೆಯಲ್ಲೂ ಗಂಟು ಕಂಡಾಗ ಮಾತ್ರ ಸಂಶಯ ಹುಟ್ಟುತ್ತದೆ. ಅವರ ಎಚ್ ವಿರೋಧಿ ಪ್ರತಿಕಾಯ ದೇಹದ ಉಷ್ಣತೆಯಲ್ಲೂ ಕೆಲಸಮಾಡುವುದರಿಂದ, ಎಲ್ಲರಿಗೂ ಸಲ್ಲುತ್ತದೆಂದು ನಾವು ನಂಬಿರುವ ಓ ರಕ್ತವೇ ಅವರ ಜೀವಕ್ಕೆ ಅಪಾಯ. ಅವರಿಗೆ ಬಾಂಬೆ ಗುಂಪಿನ ರಕ್ತವೇ ಬೇಕು.

ದೇಹವನ್ನು ಕೋಟೆಯೆಂದೂ ಬಿಳಿ ಕಣಗಳನ್ನು ಸೈನಿಕರೆಂದೂ ಹೇಳಿಕೊಡುವ ರೂಢಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಸೈನಿಕನಿಗೆ ಶತ್ರು ಯಾರೆಂದು ಮೊದಲೇ ಹೇಳಿರುತ್ತಾರೆ. ಇಲ್ಲಿ ಹಾಗೆ ಯಾರೂ ಹೇಳಿಲ್ಲ. ಬಿ ಕೋಶಗಳ ಗ್ರಾಹಕಗಳು (ಆಂಟಿಜೆನ್‌ಗಳನ್ನು ಹಿಡಿಯುವ ಮೇಲ್ಮೈ ಅಣುಗಳು) ಜೀನ್ ತುಣುಕುಗಳ ಮರುಜೋಡಣೆಯಿಂದ ಯದ್ವಾತದ್ವಾ ಹುಟ್ಟುತ್ತವೆ. ಮೂಳೆಮಜ್ಜೆಯಲ್ಲಿ ಬೆಳೆಯುವಾಗ ತನ್ನದೇ ದೇಹದ ಅಣುವಿಗೆ ಬಲವಾಗಿ ಅಂಟಿಕೊಂಡ ಕೋಶ ಗ್ರಾಹಕವನ್ನು ಬದಲಿಸಿಕೊಳ್ಳಬೇಕು, ಇಲ್ಲವೇ ಸಾಯಬೇಕು. ನಮ್ಮೆಲ್ಲರಲ್ಲೂ ಎಚ್‌ಗೆ ಅಂಟುವ ಕೋಶಗಳು ಹುಟ್ಟಿ ಹೀಗೆ ತೊಲಗಿವೆ. ಬಾಂಬೆ ಗುಂಪಿನವರ ಮಜ್ಜೆಯಲ್ಲಿ ಎಚ್ ಇರಲೇ ಇಲ್ಲವಾದ್ದರಿಂದ ಅವರಲ್ಲಿ ಆ ಕೋಶಗಳು ಉಳಿದುಕೊಂಡವು. ಎಚ್ ತನ್ನಷ್ಟಕ್ಕೆ ಪರಕೀಯವೂ ಅಲ್ಲ, ಸ್ವಕೀಯವೂ ಅಲ್ಲ.

ಇಷ್ಟಾದ ಮೇಲೆ ಒಂದು ಪ್ರಶ್ನೆಯನ್ನು ಬರೆದು ತರಲು ಹೇಳುತ್ತೇನೆ: ಬಾಂಬೆ ಗುಂಪಿನ ತಾಯಿಯ ಬಸಿರಿನಲ್ಲಿರುವ ಮಗುವಿನ ಕಣಗಳ ಮೇಲೆ ಎಚ್ ಇದ್ದೇ ಇರುವ ಸಂಭವ ಹೆಚ್ಚು, ಹಾಗಿದ್ದರೂ ಮಗುವಿಗೆ ತೀವ್ರ ತೊಂದರೆ ಅಪರೂಪವೇಕೆ? ಸಕ್ಕರೆ, ಐಜಿಎಂ, ಗರ್ಭವೇಷ್ಟನ ಎಂಬ ಮೂರು ಕೊಂಡಿಗಳನ್ನು ಜೋಡಿಸಿದವರಿಗೆ ಪೂರ್ತಿ ಅಂಕ. ಪ್ರತಿಕಾಯದಲ್ಲಿ ಐಜಿಜಿಯ ಪಾಲೂ ಇರಬಹುದಾದ್ದರಿಂದ ಅಂಥ ತಾಯಿಯ ಮಗುವಿನ ಬಿಲಿರುಬಿನ್ (ಕೆಂಪು ಕಣಗಳು ಒಡೆದಾಗ ಹೆಚ್ಚಿ ಕಾಮಾಲೆ ತರುವ ಹಳದಿ ವಸ್ತು) ಮೇಲೆ ಕಣ್ಣಿಡಬೇಕೆಂದು ಸೇರಿಸಿದವರನ್ನು ಮುಂದಿನ ವಾರ ಟಿ ಕೋಶಗಳ ಪಾಠಕ್ಕೆ ಕೂರಿಸಿಕೊಳ್ಳುತ್ತೇನೆ; ಉಳಿದವರಿಗೆ ನಳಿಕೆಗಳ ಚಿತ್ರವನ್ನು ಇನ್ನೊಮ್ಮೆ ಬಿಡಿಸುತ್ತೇನೆ.