ಓಟು ಹಾಕಲು ಯಾರು ಬರುತ್ತಾರೆ? ನ್ಯೂಜೆರ್ಸಿಯಲ್ಲಿ ಸಮೀಕ್ಷೆ ಮಾಡುತ್ತಾ ಕಲಿತದ್ದು

ನಾನು ಚುನಾವಣಾ ಸಮೀಕ್ಷೆ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ‘ಯಾರು ಗೆಲ್ತಾರೆ?’ ಅಂತ. ಅದನ್ನು ಕಂಡುಹಿಡಿಯಬೇಕಾದರೆ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ಓಟು ಹಾಕಲು ಯಾರು ಬರುತ್ತಾರೆ? ನಮ್ಮ ಶ್ರಮವೆಲ್ಲ ಹೋಗುವುದು ಇಲ್ಲೇ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಚುನಾವಣೆ ಬರುವುದು ಅಧ್ಯಕ್ಷರ ಚುನಾವಣೆ ಮುಗಿದ ಮರುವರ್ಷ. 2020ರಲ್ಲಿ ಇಲ್ಲಿನ ನೋಂದಾಯಿತ ಮತದಾರರಲ್ಲಿ ಸುಮಾರು ಶೇ 72 ಜನ ಓಟು ಹಾಕಿದರು. 2021ರ ಗವರ್ನರ್ ಚುನಾವಣೆಗೆ ಬಂದವರು ಸುಮಾರು ಶೇ 40. ಅಂದರೆ ಒಂದೇ ವರ್ಷದಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಜನ ಮನೆಯಲ್ಲೇ ಉಳಿದರು. ಹಾಗೆ ಉಳಿಯುವವರು ಯಾರು ಅಂತ ಅಂದಾಜು ಮಾಡದೆ ‘ಇಷ್ಟು ಜನ ಇವರ ಪರ’ ಅಂದುಬಿಟ್ಟರೆ, ಅದು ಓಟನ್ನೇ ಹಾಕದವರ ಅಭಿಪ್ರಾಯವನ್ನೂ ಸೇರಿಸಿದ ಲೆಕ್ಕ.

ನಾವು ಶುರು ಮಾಡುವುದು ಮತದಾರರ ಪಟ್ಟಿಯಿಂದ. ಇಲ್ಲಿನ ಪಟ್ಟಿಯಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಯಾವ ಪಕ್ಷದಲ್ಲಿ ನೋಂದಣಿ ಅನ್ನುವುದೆಲ್ಲ ಇರುತ್ತದೆ. ಅದರ ಜೊತೆಗೆ ಯಾವ ಯಾವ ಚುನಾವಣೆಯಲ್ಲಿ ಓಟು ಹಾಕಿದ್ದಾರೆ ಅನ್ನುವುದೂ ಇರುತ್ತದೆ. ಯಾರಿಗೆ ಹಾಕಿದರು ಅನ್ನುವುದು ಗುಟ್ಟು. ಬಂದಿದ್ದರೋ ಇಲ್ಲವೋ ಅನ್ನುವುದು ದಾಖಲೆ. ನಮ್ಮೂರಿನವರಿಗೆ ಇದನ್ನು ಹೇಳಿದರೆ ಆಶ್ಚರ್ಯಪಡುತ್ತಾರೆ. ನನ್ನ ಕೆಲಸಕ್ಕೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ.

ಪಟ್ಟಿಯಿಂದಲೇ ಹೆಸರು ಆರಿಸುವುದರಿಂದ ಇನ್ನೂ ಎರಡು ಅನುಕೂಲಗಳಿವೆ. ಕ್ಯಾಲಿಫೋರ್ನಿಯಾದಿಂದ ಇಲ್ಲಿಗೆ ಬಂದವರು ಹಳೆಯ ಮೊಬೈಲ್ ನಂಬರನ್ನೇ ಇಟ್ಟುಕೊಂಡಿರುತ್ತಾರೆ. ಬರೀ ನ್ಯೂಜೆರ್ಸಿಯ ಏರಿಯಾ ಕೋಡ್ ನೋಡಿ ಕರೆ ಮಾಡಿದರೆ ಅವರು ಸಿಗುವುದೇ ಇಲ್ಲ. ಇನ್ನೊಂದು, ಎಡಿಸನ್‌ನಂಥ ಊರು. ಬೀದಿಗಿಳಿದರೆ ಎಲ್ಲಿ ನೋಡಿದರೂ ನಮ್ಮವರು. ಆದರೆ ಎಚ್-1ಬಿ ವೀಸಾದಲ್ಲಿ ಇರುವವರಿಗೆ, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರಿಗೆ ಓಟಿಲ್ಲ. ಯಾವ ಗುಂಪಿನ ಉತ್ತರ ಕಡಿಮೆ ಬಂದಿದೆಯೋ ಅದಕ್ಕೆ ಹೆಚ್ಚು ಬೆಲೆ, ಜಾಸ್ತಿ ಬಂದದ್ದಕ್ಕೆ ಕಡಿಮೆ ಬೆಲೆ ಕೊಟ್ಟು ಸರಿದೂಗಿಸುವುದಕ್ಕೆ ನಾವು ‘ತೂಕ ಕೊಡುವುದು’ ಅನ್ನುತ್ತೇವೆ. ಜನಗಣತಿಯ ಅಂಕಿ ನೋಡಿ ತೂಕ ಕೊಟ್ಟರೆ ಲೆಕ್ಕ ಹಳಿ ತಪ್ಪುತ್ತದೆ. ಮತದಾರರ ಪಟ್ಟಿಯನ್ನೇ ಅಳತೆಗೋಲು ಮಾಡಿಕೊಳ್ಳಬೇಕು.

ಆಮೇಲೆ ಫೋನ್. ಇದು ತಾಳ್ಮೆಯ ಕೆಲಸ. ಪ್ಯೂ ರಿಸರ್ಚ್ ಸೆಂಟರ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆಯ ಫೋನ್ ಸಮೀಕ್ಷೆಗಳಲ್ಲಿ 1997ರಲ್ಲಿ ಶೇ 36 ಜನ ಉತ್ತರ ಕೊಡುತ್ತಿದ್ದರು. 2018ಕ್ಕೆ ಅದು ಶೇ 6ಕ್ಕೆ ಇಳಿದಿತ್ತು. ಒಪ್ಪಿಗೆ ಇಲ್ಲದೆ ಮೊಬೈಲಿಗೆ ಯಂತ್ರದಿಂದ ಕರೆ ಮಾಡುವುದಕ್ಕೆ 1991ರ ಕಾನೂನಿನ ತಡೆ ಇದೆ. ಹಾಗಾಗಿ ಕೂತವರೇ ಒಂದೊಂದು ನಂಬರನ್ನೂ ಒತ್ತಬೇಕು. ಈಗ ಮೆಸೇಜಿನಲ್ಲಿ ಲಿಂಕ್ ಕಳಿಸಿ ಆನ್‌ಲೈನ್‌ನಲ್ಲೂ ಉತ್ತರ ಪಡೆಯುತ್ತೇವೆ. ಹೀಗೆ ಬಂದ ಉತ್ತರಗಳಲ್ಲಿ ವಯಸ್ಸಾದವರು, ಡಿಗ್ರಿ ಓದಿದವರು ಯಾವಾಗಲೂ ಜಾಸ್ತಿ. 2016ರಲ್ಲಿ ಹಲವು ರಾಜ್ಯಗಳ ಸಮೀಕ್ಷೆಗಳು ಎಡವಿದ ದೊಡ್ಡ ಕಾರಣಗಳಲ್ಲಿ ಒಂದು, ವಿದ್ಯಾಭ್ಯಾಸದ ಪ್ರಕಾರ ತೂಕ ಸರಿಮಾಡದೇ ಇದ್ದದ್ದು. ಈಗ ನಾವು ವಯಸ್ಸು, ಲಿಂಗ, ಜನಾಂಗ, ವಿದ್ಯೆ, ಪಕ್ಷದ ನೋಂದಣಿ, ಯಾವ ಭಾಗದ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಎಲ್ಲವನ್ನೂ ನೋಡಿ ತೂಕ ಕೊಡುತ್ತೇವೆ.

ಇಷ್ಟಾದ ಮೇಲೆ ಶುರುವಾಗುವುದು ‘ಲೈಕ್ಲಿ ವೋಟರ್’ ಲೆಕ್ಕ. ಓಟು ಹಾಕುವ ಸಾಧ್ಯತೆ ಇರುವವರು ಯಾರು ಅಂತ ತೀರ್ಮಾನ ಮಾಡುವುದು.

ಇದರ ಹಳೆಯ ವಿಧಾನ ಗ್ಯಾಲಪ್ ಅನ್ನುವ ಸಮೀಕ್ಷಾ ಸಂಸ್ಥೆಯಲ್ಲಿ 1950ರ ದಶಕದಿಂದ ಬೆಳೆದದ್ದು. ಚುನಾವಣೆ ಬಗ್ಗೆ ಎಷ್ಟು ಯೋಚನೆ ಮಾಡಿದ್ದೀರಿ, ನಿಮ್ಮ ಮತಗಟ್ಟೆ ಎಲ್ಲಿದೆ ಗೊತ್ತಾ, ಹಿಂದೆ ಹಾಕಿದ್ದೀರಾ, ಈ ಸಲ ಹಾಕುತ್ತೀರಾ, ಹೀಗೆ ಏಳು ಪ್ರಶ್ನೆ. ಉತ್ತರಕ್ಕೆ ಅಂಕ ಕೊಟ್ಟು, ಒಂದು ಗೆರೆ ಎಳೆದು, ಮೇಲಿನವರನ್ನು ಇಟ್ಟುಕೊಳ್ಳುವುದು, ಕೆಳಗಿನವರನ್ನು ಬಿಡುವುದು. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಮನುಷ್ಯರು ಗೆರೆಯ ಪ್ರಕಾರ ನಡೆಯುವುದಿಲ್ಲ ಅಲ್ವಾ?

ಜರ್ಸಿ ಸಿಟಿಯ ಒಬ್ಬ ಯುವಕ ‘ಖಂಡಿತ ಹಾಕ್ತೀನಿ’ ಅಂದ. ದನಿಯಲ್ಲಿ ಹುಮ್ಮಸ್ಸಿತ್ತು. ಪಟ್ಟಿ ನೋಡಿದರೆ 2024 ಒಂದನ್ನು ಬಿಟ್ಟು ಅವನು ಯಾವುದಕ್ಕೂ ಬಂದಿರಲಿಲ್ಲ. ಅದೇ ಸಂಜೆ ಓಶನ್ ಕೌಂಟಿಯ ಒಬ್ಬ ನರ್ಸ್ ‘ಆ ದಿನ ಡ್ಯೂಟಿ ಇದೆ, ಆಗುತ್ತೋ ಇಲ್ಲವೋ ಗೊತ್ತಿಲ್ಲ’ ಅಂದರು. ಪಟ್ಟಿಯಲ್ಲಿ ಅವರ ಸಾಲು ನೋಡಿದರೆ ಗವರ್ನರ್, ಅಧ್ಯಕ್ಷ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಜೂನ್ ತಿಂಗಳ ಪ್ರೈಮರಿ, ಒಂದೂ ತಪ್ಪಿರಲಿಲ್ಲ. ಬಾಯಿಮಾತು ನಂಬಿದರೆ ಯುವಕ ಒಳಗೆ, ನರ್ಸ್ ಹೊರಗೆ. ಹಳೆಯ ದಾಖಲೆ ಮಾತ್ರ ನಂಬಿದರೆ ತದ್ವಿರುದ್ಧ. ನಾನು ಎರಡನ್ನೂ ಸೇರಿಸುತ್ತೇನೆ. ಆದರೆ ದಾಖಲೆಗೆ ಜಾಸ್ತಿ ಬೆಲೆ ಕೊಡುತ್ತೇನೆ. ಯಾರನ್ನೂ ಪೂರ್ತಿ ಹೊರಗಿಡುವುದಿಲ್ಲ. ನರ್ಸ್ ಬರುವ ಸಾಧ್ಯತೆ 0.9 ಅಂದುಕೊಂಡರೆ ಅವರ ಉತ್ತರ 0.9 ಓಟು. ಯುವಕನದು 0.4 ಆದರೆ 0.4 ಓಟು.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 800 ಜನ ಮಾತಾಡಿದರು ಅಂದುಕೊಳ್ಳಿ. ಅದರಲ್ಲಿ 500 ಜನ ತಪ್ಪದೆ ಬರುವವರು. ಅವರು ಇಬ್ಬರು ಅಭ್ಯರ್ಥಿಗಳಿಗೂ ಸಮಸಮ, 250–250. ಉಳಿದ 300 ಜನ ಆಗೊಮ್ಮೆ ಈಗೊಮ್ಮೆ ಬರುವವರು. ಅವರಲ್ಲಿ 180 ಜನ ಮೊದಲನೆಯವರ ಕಡೆ, 120 ಜನ ಎರಡನೆಯವರ ಕಡೆ. ಎಲ್ಲರನ್ನೂ ಪೂರ್ತಿ ಎಣಿಸಿದರೆ ಮೊದಲನೆಯವರು ಶೇ 7.5 ಮುಂದೆ. ಗೆರೆ ಎಳೆದು 300 ಜನರನ್ನು ಬಿಟ್ಟರೆ ಅಂತರ ಸೊನ್ನೆ. ಅವರಿಗೆ ತಲಾ 0.4 ಕೊಟ್ಟರೆ ಸುಮಾರು ಶೇ 4. ಅದೇ ಕರೆಗಳು, ಅದೇ ಉತ್ತರಗಳು, ಮೂರು ಬೇರೆ ಬೇರೆ ಸುದ್ದಿ!

ಇದು ನಾನು ಕಟ್ಟಿದ ಉದಾಹರಣೆ. ನಿಜವಾದದ್ದೂ ಒಂದಿದೆ. 2016ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಫ್ಲೋರಿಡಾದಲ್ಲಿ 867 ಜನರ ಸಮೀಕ್ಷೆ ಮಾಡಿ, ಆ ಕಚ್ಚಾ ಮಾಹಿತಿಯನ್ನೇ ಅನುಭವಿಗಳ ನಾಲ್ಕು ತಂಡಗಳಿಗೆ ಕೊಟ್ಟಿತು. ಒಂದು ತಂಡಕ್ಕೆ ಹಿಲರಿ ಕ್ಲಿಂಟನ್ ಶೇ 4 ಮುಂದೆ ಕಂಡರು. ಇನ್ನೊಂದು ತಂಡಕ್ಕೆ ಡೊನಾಲ್ಡ್ ಟ್ರಂಪ್ ಶೇ 1 ಮುಂದೆ. ಈ ಕೆಲಸಕ್ಕೆ ಸೇರಿದ ಹೊಸಬರಿಗೆ ನಾನು ಮೊದಲು ಹೇಳುವುದೇ ಈ ಕಥೆ. 800 ಜನರ ಸಮೀಕ್ಷೆಗೆ ಪ್ಲಸ್ ಆರ್ ಮೈನಸ್ 3.5 ಅಂತ ಬರೆಯುತ್ತಾರೆ. ಎಲ್ಲರನ್ನೂ ಕೇಳದೆ ಕೆಲವರನ್ನಷ್ಟೇ ಕೇಳಿದ್ದರಿಂದ ಒಬ್ಬ ಅಭ್ಯರ್ಥಿಯ ಶೇಕಡಾ ಅಂಕಿ ಅಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಅದರ ಅರ್ಥ. ಅದರಲ್ಲಿ ಇಂಥ ತೀರ್ಮಾನಗಳ ವ್ಯತ್ಯಾಸ ಸೇರಿರುವುದೇ ಇಲ್ಲ. ಇಬ್ಬರ ನಡುವಿನ ಅಂತರಕ್ಕೆ ಆ 3.5 ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ ಅನ್ನುವುದನ್ನೂ ಓದುಗರು ಗಮನಿಸುವುದು ಕಡಿಮೆ.

ಹಾಗಾದರೆ 0.9, 0.4 ಅನ್ನುವ ಅಂಕಿ ಎಲ್ಲಿಂದ ಬರುತ್ತದೆ? ಹಿಂದಿನ ಚುನಾವಣೆಗಳಿಂದ. 2021ಕ್ಕೆ ಮುಂಚೆ ಇಂಥ ದಾಖಲೆ ಇದ್ದವರಲ್ಲಿ ಎಷ್ಟು ಜನ ಆ ವರ್ಷ ನಿಜಕ್ಕೂ ಬಂದರು ಅಂತ ನೋಡಿ ಕಲಿಯುತ್ತೇವೆ. ಅಪಾಯ ಇರುವುದೂ ಇಲ್ಲೇ. 2021ರ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಫಿಲ್ ಮರ್ಫಿ ಅವರಿಗೆ ಸಮೀಕ್ಷೆಗಳು ಆರಾಮದ ಮುನ್ನಡೆ ತೋರಿಸಿದ್ದವು. ಅವರು ಗೆದ್ದದ್ದು ಶೇ 3 ಚಿಲ್ಲರೆ ಅಂತರದಲ್ಲಿ. ಹಾಗಾಗಿ 2025ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಂಕಿಯನ್ನು ಸ್ವಲ್ಪ ಇಳಿಸಿಯೇ ಓದಬೇಕು ಅನ್ನುವವರು ಬಹಳ ಇದ್ದರು. ಆ ವರ್ಷ ಹೆಚ್ಚಿನ ಸಮೀಕ್ಷೆಗಳು ಒಂದಂಕಿಯ ಅಂತರ ತೋರಿಸಿದವು. ಆ ಪಕ್ಷದ ಮಿಕಿ ಶೆರಿಲ್ ಗೆದ್ದದ್ದು ಸುಮಾರು ಶೇ 14ರ ಅಂತರದಲ್ಲಿ. ಓಟು ಹಾಕಿದವರ ಪ್ರಮಾಣವೂ ಶೇ 50 ದಾಟಿತು. ಒಂದು ಸಲ ಆ ಕಡೆ, ಇನ್ನೊಂದು ಸಲ ಈ ಕಡೆ. ಹೋದ ಸಲದ ತಪ್ಪನ್ನು ಕಳೆದುಬಿಟ್ಟರೆ ಸರಿಹೋಗುತ್ತದೆ ಅಂದುಕೊಳ್ಳುವುದನ್ನು ನಾನು ಒಪ್ಪುವುದೇ ಇಲ್ಲ.

ಯಾರು ತಪ್ಪದೆ ಬರುತ್ತಾರೆ ಅನ್ನುವುದೇ ಬದಲಾಗುತ್ತಿರುತ್ತದೆ. ಕಡಿಮೆ ಜನ ಓಟು ಹಾಕಿದರೆ ರಿಪಬ್ಲಿಕನ್ನರಿಗೆ ಲಾಭ ಅನ್ನುವುದು ಇಲ್ಲಿ ಹಳೆಯ ನಂಬಿಕೆ. ಈಚಿನ ವರ್ಷಗಳಲ್ಲಿ ಡಿಗ್ರಿ ಓದಿದವರು ಡೆಮಾಕ್ರಟಿಕ್ ಕಡೆ ವಾಲಿದ್ದಾರೆ, ತಪ್ಪದೆ ಬರುವವರಲ್ಲಿ ಅವರೇ ಜಾಸ್ತಿ. ನಮ್ಮ ಕರ್ನಾಟಕದ ರೂಢಿ ಬೇರೆ. ಅಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗಿಂತ ಮಂಡ್ಯದ ಹಳ್ಳಿಯವರು ಜಾಸ್ತಿ ಬಂದು ಓಟು ಹಾಕುತ್ತಾರೆ. ಅಮೆರಿಕದಲ್ಲಿ ಸ್ವಂತ ಮನೆ ಇರುವವರು, ವಯಸ್ಸಾದವರು, ಓದಿದವರು ಮುಂದೆ. ಊರಿನ ಅಂದಾಜು ಇಟ್ಟುಕೊಂಡು ಈ ಕೆಲಸಕ್ಕೆ ಕೂತರೆ ನಡೆಯುವುದಿಲ್ಲ.

ಅದಕ್ಕೇ ನಾನು ಒಂದೇ ಅಂಕಿ ಕೊಡುವುದಕ್ಕೆ ಒಪ್ಪುವುದು ಕಷ್ಟ. ಕಡಿಮೆ ಜನ ಬಂದರೆ ಹೀಗೆ, ಜಾಸ್ತಿ ಬಂದರೆ ಹೀಗೆ ಅಂತ ಎರಡು ಮೂರು ಲೆಕ್ಕ ಪಕ್ಕಪಕ್ಕ ಇಡುತ್ತೇನೆ. ಒಂದೇ ಅಂಕಿ ಇದ್ದರೆ ಸುದ್ದಿಯ ತಲೆಬರಹಕ್ಕೆ ಸುಲಭ, ನಿಜ. ಆದರೆ ಸಂಜೆ ಊಟದ ಹೊತ್ತಲ್ಲಿ ಫೋನ್ ಎತ್ತಿ ಹತ್ತು ನಿಮಿಷ ಮಾತಾಡಿದವರಿಗೆ, ಆ ಸುದ್ದಿ ಓದುವವರಿಗೆ, ನಮಗೆ ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳಬೇಕು.

ಚುನಾವಣೆ ಮುಗಿದ ಮೇಲೂ ಕೆಲಸ ಇರುತ್ತದೆ. ಪರಿಷ್ಕರಿಸಿದ ಮತದಾರರ ಪಟ್ಟಿ ಬಂದಾಗ, ನಮ್ಮ ಜೊತೆ ಮಾತಾಡಿದ ಒಬ್ಬೊಬ್ಬರ ಸಾಲನ್ನೂ ಅದರ ಜೊತೆ ತಾಳೆ ನೋಡುತ್ತೇವೆ. 0.4 ಕೊಟ್ಟವರಲ್ಲಿ ನೂರಕ್ಕೆ ಹತ್ತಿರ ಹತ್ತಿರ ನಲವತ್ತು ಜನ ಬಂದಿದ್ದರೆ ಆ ಅಂಕಿ ಸರಿ ಇತ್ತು. ಅರವತ್ತು ಜನ ಬಂದಿದ್ದರೆ ಅವರು ಯಾವ ವಯಸ್ಸಿನವರು, ಯಾವ ಕೌಂಟಿಯವರು, ಅಂಚೆಯಲ್ಲಿ ಓಟು ಹಾಕಿದರೋ ಮತಗಟ್ಟೆಗೆ ಬಂದರೋ ಅಂತ ಬಿಡಿಸಿ ನೋಡಿ, ಮುಂದಿನ ಚುನಾವಣೆಯ ಲೆಕ್ಕಕ್ಕೆ ಸೇರಿಸುತ್ತೇವೆ.