ಇಡೀ ವಾರ್ಡಿಗೆ ಒಂದೇ ಉಸಿರು

ಎರಡು ವರ್ಷದ ಹಿಂದೆ ಒಂದು ಎಐ ಕಂಪನಿಯವರು ನಮ್ಮ ಆಸ್ಪತ್ರೆಗೆ ಬಂದಿದ್ದರು. ರೋಗಿಗೆ ಸೆಪ್ಸಿಸ್, ಅಂದರೆ ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗಗಳೇ ಕೈಕೊಡುವ ಸ್ಥಿತಿ, ಆಗುವುದನ್ನು ಅವರ ಸಾಫ್ಟ್‌ವೇರ್ ಗಂಟೆಗಟ್ಟಲೆ ಮೊದಲೇ ಹೇಳುತ್ತದಂತೆ. ಜಿಲ್ಲಾ ಕೇಂದ್ರದ ಮಧ್ಯಮ ಗಾತ್ರದ ಆಸ್ಪತ್ರೆ ನಮ್ಮದು. ನಾನು ಅಲ್ಲಿ ಮೆಡಿಕಲ್ ಸೂಪರಿಂಟೆಂಡೆಂಟ್. ಮ್ಯಾನೇಜ್‌ಮೆಂಟಿನವರಿಗೆ ಸ್ಲೈಡ್‌ಗಳು ತುಂಬಾ ಹಿಡಿಸಿದವು. ನನಗೆ ನೆನಪಾಗಿದ್ದು 2021ರಲ್ಲಿ ಅಮೆರಿಕದ ಮಿಶಿಗನ್‌ನಿಂದ ಬಂದ ಒಂದು ಅಧ್ಯಯನ. ಅಲ್ಲಿ ಬಳಕೆಯಲ್ಲಿದ್ದ ಇಂಥದ್ದೇ ಒಂದು ಸಾಫ್ಟ್‌ವೇರ್, ಸೆಪ್ಸಿಸ್ ಆದ ಮೂವರಲ್ಲಿ ಇಬ್ಬರನ್ನು ಗುರುತಿಸಿರಲೇ ಇಲ್ಲ. ಆದರೂ ದಾಖಲಾದವರಲ್ಲಿ ಶೇ. 18ರಷ್ಟು ಜನರ ಮೇಲೆ ಅಲರ್ಟ್ ಕೊಟ್ಟಿತ್ತು!

"ಮೊದಲು ನಮ್ಮ ಡೇಟಾ ಹೇಗಿದೆ ನೋಡ್ತೀನಿ" ಎಂದೆ. ಮೆಡಿಸಿನ್ ವಾರ್ಡಿನ ಹಳೇ ಕೇಸ್ ಶೀಟ್‌ಗಳನ್ನು ತೆಗೆಸಿಕೊಂಡು ಕೂತೆ. ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯುವ ಕಾಲಂ ಇದೆಯಲ್ಲ, ಅದರಲ್ಲಿ ಎಲ್ಲರಿಗೂ 20. ನ್ಯುಮೋನಿಯಾದವರಿಗೂ 20, ಹೊಟ್ಟೆನೋವಿನವರಿಗೂ 20. ಬೆಳಗ್ಗೆ ತೀರಿಕೊಂಡ ಒಬ್ಬರಿಗೆ ಹಿಂದಿನ ರಾತ್ರಿಯೆಲ್ಲ 20. ಬದಲಾವಣೆಗೆ ಅಂತ ಅಲ್ಲಲ್ಲಿ ಒಂದು 18. ಇದನ್ನು ಯಾವ ಎಐಗೆ ಕೊಟ್ಟರೂ ಅದು ಏನು ಹೇಳೀತು?

ಮೀಟಿಂಗ್ ಕರೆದು ಸಿಸ್ಟರ್‌ಗಳಿಗೆ ಬೈದೆ. ಹಿರಿಯ ಸಿಸ್ಟರ್ ಒಬ್ಬರು ತಣ್ಣಗೆ, "ಸರ್, ಒಂದು ರಾತ್ರಿ ನೀವೇ ಎಣಿಸಿ ನೋಡಿ" ಅಂದರು. ಪಲ್ಸ್, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಎಲ್ಲ ಮೆಷಿನ್ನೇ ತೋರಿಸುತ್ತೆ. ಉಸಿರನ್ನು ಮಾತ್ರ ಎದೆ ನೋಡುತ್ತಾ ಒಂದು ಪೂರ್ತಿ ನಿಮಿಷ ನಿಂತು ಎಣಿಸಬೇಕು. 30 ಬೆಡ್‌ಗೆ ರಾತ್ರಿ ಇಬ್ಬರೇ ಸಿಸ್ಟರ್. ಸರಿ, ಹೋದೆ. ಹನ್ನೊಂದನೇ ಬೆಡ್ ಮುಟ್ಟುವಷ್ಟರಲ್ಲಿ ಎರಡು ಕಡೆ ಡ್ರಿಪ್ ಮುಗಿದಿತ್ತು, ಒಬ್ಬರಿಗೆ ಅರ್ಜೆಂಟಾಗಿ ಬೆಡ್‌ಪ್ಯಾನ್ ಬೇಕಿತ್ತು. ಹನ್ನೆರಡನೆಯವರಿಗೆ ನಾನೂ 20 ಅಂತ ಬರೆದೆ.

ಸಾಫ್ಟ್‌ವೇರ್ ಸದ್ಯಕ್ಕೆ ಬೇಡ ಎಂದು ಮ್ಯಾನೇಜ್‌ಮೆಂಟಿಗೆ ಹೇಳಿದೆ. ಅದೇ ದುಡ್ಡಿನಲ್ಲಿ ವಾರ್ಡಿಗೆ ಕ್ಲರ್ಕ್‌ಗಳನ್ನು ಕೇಳಿದೆ. ಇಂಡೆಂಟ್, ಬಿಲ್ಲಿಂಗ್, ಇನ್ಶೂರೆನ್ಸ್ ಕಾಗದ ಎಲ್ಲ ಸಿಸ್ಟರ್‌ಗಳ ಕೈಯಿಂದ ಹೋಯಿತು. ಜೊತೆಗೆ, ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಬೇಗ ಗುರುತಿಸಲು ಬಳಸುವ ಬ್ರಿಟನ್ನಿನ ನ್ಯೂಸ್-2 (NEWS2) ಚಾರ್ಟ್ ತಂದೆವು. ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಮಾಡಿ, 2017ರಲ್ಲಿ ತಿದ್ದಿದ ಚಾರ್ಟ್ ಅದು. ಉಸಿರು, ಸ್ಯಾಚುರೇಷನ್, ಆಕ್ಸಿಜನ್ ಹಾಕಿದ್ದಾರೋ ಇಲ್ಲವೋ, ಬಿಪಿ, ಪಲ್ಸ್, ಪ್ರಜ್ಞೆ, ಜ್ವರ, ಹೀಗೆ ಏಳು ಬಾಬ್ತಿಗೆ ಅಂಕ. ಒಟ್ಟು 5 ಆದರೆ ಡ್ಯೂಟಿ ಡಾಕ್ಟರ್ ಬೇಗ ಬರಬೇಕು. 7 ಆದರೆ ಎಮರ್ಜೆನ್ಸಿ. ಕೂಡುವುದು ಬಿಟ್ಟರೆ ಬೇರೆ ಲೆಕ್ಕವೇ ಇಲ್ಲ.

ಇದರಲ್ಲೂ ಎಡವಿದೆವು. ನಮ್ಮಲ್ಲಿ ಬೀಡಿ ಸೇದಿ ಶ್ವಾಸಕೋಶ ಹಾಳಾದ ಅಜ್ಜಂದಿರು ಜಾಸ್ತಿ. ಕೆಲವರಿಗೆ ಸ್ಯಾಚುರೇಷನ್ 88ರಿಂದ 92 ಇದ್ದರೇ ಸರಿ, ಅಂಥವರಿಗೆ ಚಾರ್ಟಿನಲ್ಲೇ ಬೇರೆ ಸ್ಕೇಲ್ ಇದೆ. ಅದನ್ನು ಬಳಸಬೇಕು ಅಂತ ಡಾಕ್ಟರ್ ಬರೆದಿಡಬೇಕು, ನಾವು ಬರೆದಿರಲಿಲ್ಲ. ಹಾಗಾಗಿ ಅವರ ಸ್ಕೋರ್ ಜಾಸ್ತಿ ಬರುತ್ತಿತ್ತು. ಸುಮ್ಮಸುಮ್ನೆ ಕರೆ ಹೋಗಿ ಹೋಗಿ, ಡ್ಯೂಟಿ ಡಾಕ್ಟರ್‌ಗಳು ಫೋನ್ ಎತ್ತಲು ಉದಾಸೀನ ಮಾಡತೊಡಗಿದರು.

ಇನ್ನೊಂದು ಸಾಲು ನಾವೇ ಸೇರಿಸಿದೆವು: "ಮನೆಯವರು ಏನಂತಾರೆ?" ನಮ್ಮಲ್ಲಿ ಬೆಡ್ ಪಕ್ಕ ಹಗಲೂ ರಾತ್ರಿ ಮನೆಯವರೇ ಇರುತ್ತಾರೆ, ಅಲ್ವಾ? ಮನೆಯವರೇ ನೇರವಾಗಿ ಬೇರೆ ಡಾಕ್ಟರ ತಂಡವನ್ನು ಕರೆಯುವಂತೆ ಇಂಗ್ಲೆಂಡಿನಲ್ಲಿ 2024ರಲ್ಲಿ ಮಾರ್ಥಾಸ್ ರೂಲ್ ಜಾರಿಗೆ ತರಲು ಶುರು ಮಾಡಿದರು. ನಾವು ಅಷ್ಟು ದೂರ ಹೋಗಿಲ್ಲ, ಕೇಳಿ ಬರೆದುಕೊಳ್ಳುತ್ತೇವೆ ಅಷ್ಟೆ. ಒಂದು ದಿನ ಅಜ್ಜಿಯೊಬ್ಬರು, "ಇವ್ರು ಕಾಫಿ ಬ್ಯಾಡ ಅಂದ್ರು ಸಿಸ್ಟರ್, ಯಾವತ್ತೂ ಹಂಗಂದೋರಲ್ಲ" ಎಂದರು. ಸ್ಕೋರ್ ಬರೀ 2. ಆದರೂ ಸಿಸ್ಟರ್ ಡಾಕ್ಟರನ್ನು ಕರೆದರು. ಮಧ್ಯಾಹ್ನದ ಹೊತ್ತಿಗೆ ಬಿಪಿ ಇಳಿಯಿತು, ಅಷ್ಟರಲ್ಲಿ ಆಂಟಿಬಯೋಟಿಕ್ ಶುರುವಾಗಿತ್ತು. ಇನ್ನೊಂದು ಸಲ ಹೀಗೇ ಓಡಿಹೋದರೆ ಕ್ಯಾಂಟೀನ್ ಕಾಫಿಯೇ ಕೆಟ್ಟಿತ್ತು.

ಈಗ ಚಾರ್ಟ್ ಟ್ಯಾಬ್‌ನಲ್ಲಿದೆ. ಎಐ ಕೂಡ ಬಂದಿದೆ, ಆದರೆ ಅದರ ಅಲರ್ಟ್ ಇನ್ನೂ ವಾರ್ಡಿಗೆ ಹೋಗುವುದಿಲ್ಲ. ಅದು ಹೇಳಿದ್ದನ್ನೂ ಸಿಸ್ಟರ್‌ಗಳು ಡಾಕ್ಟರನ್ನು ಕರೆದದ್ದನ್ನೂ ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಉಸಿರಿನ ಕಾಲಂನಲ್ಲಿ 17, 24, 31 ಕಾಣಿಸುತ್ತವೆ. ರಾತ್ರಿ 3 ಗಂಟೆ ಸುಮಾರಿಗೆ ಮಾತ್ರ ಆಗಾಗ 20ರ ಸಾಲು ಬಂದುಬಿಡುತ್ತದೆ. ಹಾಗೆ ಬಂದ ದಿನ ನಾನು ಮೊದಲು ತೆಗೆಯುವುದು ಡ್ಯೂಟಿ ರೋಸ್ಟರ್, ಆ ರಾತ್ರಿ ಎಷ್ಟು ಜನ ಇದ್ದರು ಅಂತ.