ಕಿವಿಯೊಳಗೆ ಗುಂಯ್ ಅನ್ನುವವರಿಗೆ

ಮೂಡಿಗೆರೆ ಕಡೆ ನಮಗೆಲ್ಲ ಜೀರುಂಡೆ ಸದ್ದು ಹೊಸದಲ್ಲ. ಆದರೆ ಅದು ಕಿವಿಯೊಳಗೇ ಕೂತು ರಾತ್ರಿಯೆಲ್ಲಾ ಕೂಗಿದರೆ ಎಷ್ಟು ಹಿಂಸೆ ಅಂತ ನನಗೆ ಗೊತ್ತು. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಒಂದೇ ಕಿವಿಯಲ್ಲಿ ಸದ್ದು, ನಾಡಿ ಬಡಿದ ಹಾಗೆ ಸದ್ದು ಇದ್ದರೆ ತಡ ಮಾಡಬೇಡಿ. ದಿಢೀರ್ ಅಂತ ಕಿವಿ ಕೇಳಿಸದಿದ್ದರೆ ಅವತ್ತೇ ಹೋಗಿ.

ನನಗೆ ಸದ್ದಿಗಿಂತ ಜಾಸ್ತಿ ಕಾಡಿದ್ದು "ಇನ್ನು ನನ್ನ ಬದುಕೇ ಹೀಗೆ" ಅನ್ನುವ ಯೋಚನೆ. ಹೆದರಿದಷ್ಟೂ ಮನಸ್ಸು ಆ ಸದ್ದನ್ನೇ ಹುಡುಕುತ್ತದೆ, ಅದು ಇನ್ನೂ ಜೋರಾಗಿ ಕೇಳುತ್ತದೆ. ಆ ಯೋಚನೆಯನ್ನು ಒಂದು ಚೀಟಿಯಲ್ಲಿ ಬರೆದೆ. ಅದರ ಕೆಳಗೆ ನಿಜ ಬರೆದೆ: "ನಿನ್ನೆ ಕಾಫಿ ಕೊಯ್ಯುವಾಗ ಎರಡು ಗಂಟೆ ಇದರ ನೆನಪೇ ಇರಲಿಲ್ಲ." ಸುಮ್ನೆ ಸಮಾಧಾನದ ಮಾತು ಬೇಡ, ನಡೆದದ್ದನ್ನೇ ಬರೆಯಿರಿ. ಇದನ್ನು ಸರಿಯಾಗಿ ಕಲಿಸುವ ಮಾತಿನ ಚಿಕಿತ್ಸೆಗೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂತಾರೆ. ಅದರಿಂದ ಸದ್ದು ಹೋಗದಿದ್ದರೂ ಎಷ್ಟೋ ಜನರಿಗೆ ಸಂಕಟ ಕಡಿಮೆಯಾಗುತ್ತದೆ.

ಮಲಗುವಾಗ ಮುಷ್ಟಿಯನ್ನು 5 ಸೆಕೆಂಡ್ ಬಿಗಿ ಹಿಡಿದು, ನಂತರ ಸಡಿಲ ಬಿಡಿ. ಆಮೇಲೆ ಹೀಗೇ ಭುಜ, ದವಡೆ, ಕಾಲು. ಕೋಣೆ ಪೂರ್ತಿ ನಿಶ್ಶಬ್ದ ಇರಬಾರದು, ಸಣ್ಣಗೆ ಫ್ಯಾನ್ ಹಾಕಿ. ಮಳೆಗಾಲದಲ್ಲಿ ಹೆಂಚಿನ ಮೇಲಿನ ಮಳೆಯೇ ಸಾಕು, ಅಲ್ವಾ?

ತೋಟದಲ್ಲಿ ಕಳೆ ಹೊಡೆಯುವ ಮಷೀನ್ ಹಿಡಿಯುವವರು ದಯವಿಟ್ಟು ಇಯರ್‌ಪ್ಲಗ್ ಹಾಕಿಕೊಳ್ಳಿ.